ನಾನು ಹರಿದು ತಂದ ಕಾರ್ಡು

ಮಸ್ಕಿಯಿಂದ ಹನ್ನೊಂದಕ್ಕೆ ಬರುವ ಬಸ್ಸಿಗಾಗಿ ನಾನು ಹತ್ತೂವರೆಗೇ ಸಿಂಧನೂರಿನ ಬಸ್‌ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತಿದ್ದೆ. ಬೆಂಚು ಖಾಲಿ ಇದ್ದರೂ ಕೂರುತ್ತಿರಲಿಲ್ಲ. ಬಸ್ಸು ಬಂದೊಡನೆ ಕಂಡಕ್ಟರು ಸೀಟಿನ ಕೆಳಗಿನಿಂದ ಬುತ್ತಿಯ ಚೀಲ ಎಳೆದು ಕಿಟಕಿಯಲ್ಲೇ ಕೊಡುತ್ತಿದ್ದ. ಒಳಗೆ ಅವ್ವ ಬಡಿದ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ. ತಳದಲ್ಲಿ ತಂಗಿ ಮಡಚಿಟ್ಟ ಒಂದು ಚೀಟಿ. ರೊಟ್ಟಿ ನನಗೆ, ಚೀಟಿ ಕಾಲೇಜಿನ ಗ್ರಂಥಾಲಯಕ್ಕೆ. ಚೀಟಿಯಲ್ಲಿರುವ ಪುಸ್ತಕವನ್ನು ತಂದು, ಅದೇ ಚೀಲದಲ್ಲಿಟ್ಟು, ಸಂಜೆಯ ಬಸ್ಸಿಗೆ ಮಸ್ಕಿಗೆ ಕಳಿಸುವುದು ನನ್ನ ಕೆಲಸ. ಗುರುವಾರಕ್ಕೊಮ್ಮೆ. ಎರಡು ವರ್ಷ ತಪ್ಪದೆ ಮಾಡಿದೆ. ಮೂರನೆಯ ವರ್ಷ, ಅವಳ ಕೊನೆಯ ಪೇಪರಿನ ಹೊತ್ತಿಗೆ, ಮಾಡಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ತಂಗಿ ಮಸ್ಕಿಯಲ್ಲಿ ಅಂಗನವಾಡಿ ನಡೆಸುತ್ತಿದ್ದಳು. ಪಿಯುಸಿ ಆದಮೇಲೆ ಕಾಲೇಜಿಗೆ ಕಳಿಸುವುದು ನಮ್ಮಿಂದ ಆಗಲಿಲ್ಲ. ಅವಳು ಮನೆಯಲ್ಲೇ ಓದಿ ಹೊರಗಿನ ವಿದ್ಯಾರ್ಥಿಯಾಗಿ ಬಿ.ಎ. ಪರೀಕ್ಷೆ ಕಟ್ಟಿದಳು. ತರಗತಿ ಇಲ್ಲ, ಪಾಠ ಇಲ್ಲ. ಲಿಂಗಸುಗೂರಿಗೆ ಹೋಗಿ ಪರೀಕ್ಷೆ ಬರೆದು ಬರುವುದು ಅಷ್ಟೆ. ಪಾಸಾದ ಪೇಪರು ಪಾಸಾಗಿಯೇ ಉಳಿಯುತ್ತದೆ, ಬಿದ್ದದ್ದನ್ನು ಮಾತ್ರ ಮತ್ತೆ ಕಟ್ಟಬೇಕು. ಪಾಸಾದ ಒಂದೊಂದು ಪೇಪರಿಗೂ ಅವಳು ಅಡಿಗೆಮನೆಯ ಕದದ ಹಿಂದೆ ಒಂದು ಅರಿಶಿಣದ ಬೊಟ್ಟು ಇಡುತ್ತಿದ್ದಳು. ಕಡೆಗೆ ಅರ್ಥಶಾಸ್ತ್ರದ ಒಂದೇ ಬೊಟ್ಟು ಉಳಿದಿತ್ತು. ಅದಾದರೆ ಪದವಿ, ಪದವಿ ಇದ್ದರೆ ಮೇಲ್ವಿಚಾರಕಿಯ ಹುದ್ದೆಗೆ ಅರ್ಜಿ ಹಾಕಬಹುದು. ಅವಳ ವಯಸ್ಸಿಗೆ ಆ ವರ್ಷವೇ ಕೊನೆಯ ಅವಕಾಶ.

ಅಂಗನವಾಡಿ ಮುಗಿಸಿ ಅವಳು ಸಿಂಧನೂರು ತಲುಪುವಷ್ಟರಲ್ಲಿ ಗ್ರಂಥಾಲಯದ ಬಾಗಿಲು ಹಾಕಿರುತ್ತಿತ್ತು. ಒಬ್ಬ ಮೇಷ್ಟ್ರು ಜಾಮೀನು ನಿಂತು ಅವಳ ಹೆಸರಿಗೆ ಪುಸ್ತಕ ಒಯ್ಯುವ ಒಂದು ಟಿಕೆಟ್ಟು ಮಾಡಿಸಿಕೊಟ್ಟಿದ್ದರು. ಆ ಟಿಕೆಟ್ಟು ನನ್ನ ಅಂಗಿಯ ಜೇಬಿನಲ್ಲಿರುತ್ತಿತ್ತು. ನಾನು ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಅಂಗಳದ ಮೇಸ್ತ್ರಿ. ಕುದಿಸಿದ ಭತ್ತವನ್ನು ಸಿಮೆಂಟಿನ ಅಂಗಳದಲ್ಲಿ ಹರವಿ, ಬಿಸಿಲಿನಲ್ಲಿ ಕಾಲಿನಿಂದಲೇ ಸಾಲು ಹೊಡೆಯುತ್ತ ತಿರುವಿ ಹಾಕುವ ಎಂಟು ಮಂದಿ ನನ್ನ ಮಾತು ಕೇಳುತ್ತಿದ್ದರು. ಅಲ್ಲಿ ನನಗೆ ಮರ್ಯಾದೆ ಇತ್ತು. ಓದಿದ್ದು ನಾಲ್ಕನೆಯ ಇಯತ್ತೆ. ಕನ್ನಡ ನಿಧಾನಕ್ಕೆ ಓದುತ್ತಿದ್ದೆ, ಅಂಕಿ ಚೆನ್ನಾಗಿ ಬರುತ್ತಿದ್ದವು, ಇಂಗ್ಲಿಷ್ ಬರುತ್ತಿರಲಿಲ್ಲ.

ಗ್ರಂಥಾಲಯದಲ್ಲಿ ಮೊದಲಿದ್ದ ಅಟೆಂಡರು ಮುದುಕ. ನನ್ನ ಕೈಯಿಂದ ಚೀಟಿ ಇಸಿದುಕೊಂಡು ತಾನೇ ಕಪಾಟಿನಿಂದ ಪುಸ್ತಕ ತಂದು, ಕೊನೆಯ ಪುಟಕ್ಕೆ ಅಂಟಿಸಿದ ಹಾಳೆಯ ಮೇಲೆ ತಾರೀಖಿನ ಸಿಕ್ಕಾ ಒತ್ತಿ ಕೊಡುತ್ತಿದ್ದ. ನಾನು ಹೊಸ್ತಿಲು ದಾಟುವ ಪ್ರಸಂಗವೇ ಬರುತ್ತಿರಲಿಲ್ಲ. ಆತ ನಿವೃತ್ತನಾದ. ಅರ್ಥಶಾಸ್ತ್ರದ ಚೀಟಿ ಬಂದ ಗುರುವಾರ ಮೇಜಿನ ಹಿಂದೆ ಹೊಸಬನಿದ್ದ.

"ಚೀಟಿ ನಡಿಯಂಗಿಲ್ಲ. ಅಲ್ಲಿ ಡ್ರಾದಾಗ ಕಾರ್ಡ್ ಅದಾವ, ನೋಡಿ ನಂಬರ್ ತಗೊಂಡ್ ಬಾ" ಎಂದ.

ಗೋಡೆಗೆ ಒತ್ತಿ ಸಣ್ಣ ಸಣ್ಣ ಡ್ರಾಗಳ ಒಂದು ಬೀರು. ಎಳೆದರೆ ಒಳಗೆ ಒತ್ತೊತ್ತಾಗಿ ನಿಂತ ಕಾರ್ಡುಗಳು, ಎಲ್ಲವೂ ಇಂಗ್ಲಿಷಿನಲ್ಲಿ ಟೈಪು ಮಾಡಿದವು. ಪುಸ್ತಕ ಕನ್ನಡದ್ದೇ, ಕಾರ್ಡು ಮಾತ್ರ ಇಂಗ್ಲಿಷು. ಪುಣ್ಯಕ್ಕೆ ತಂಗಿ ಚೀಟಿಯಲ್ಲಿ ಪುಸ್ತಕದ ಹೆಸರನ್ನು ಎರಡೂ ಲಿಪಿಯಲ್ಲಿ ಬರೆದಿದ್ದಳು. ಗಿರಣಿಯಲ್ಲಿ ಚೀಲದ ಮೇಲಿನ ಮಾರ್ಕು ತಾಳೆ ನೋಡುವ ಹಾಗೆ ನಾನು ಚೀಟಿಯ ಅಕ್ಷರದ ಆಕಾರವನ್ನು ಒಂದೊಂದೇ ಕಾರ್ಡಿಗೆ ಹಿಡಿದು ನೋಡುತ್ತ ಹೋದೆ. ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಹಿಂದೆ ನಾಲ್ಕೈದು ಹುಡುಗಿಯರು ಸಾಲಿನಲ್ಲಿದ್ದರು. ಅರ್ಧ ಗಂಟೆ ಆಗಿರಬೇಕು.

"ಕಾಕಾ, ಜರಾ ಜಲ್ದಿ ನೋಡ್ರಿ, ನಮ್ಮ ಪಿರಿಯಡ್ ಐತಿ" ಎಂದಳು ಒಬ್ಬಳು.

ಆಗಲೇ ಸಿಕ್ಕಿತು. ಅದೇ ಅಕ್ಷರ, ಅದೇ ಸಾಲು. ಮೂಲೆಯಲ್ಲಿ ಮುನ್ನೂರ ಮೂವತ್ತು ಎಂಬ ಅಂಕಿ. ನನಗಾದ ಖುಷಿಯಲ್ಲಿ ಹಿಂದುಮುಂದು ಯೋಚಿಸಲಿಲ್ಲ. ಗಿರಣಿಯಲ್ಲಿ ಲಾರಿಗೆ ಮಾಲು ಬಿಡಬೇಕಾದರೆ ಚೀಟಿ ಒಯ್ದು ಕೊಡಬೇಕು. ಇದೂ ಹಾಗೇ ಎಂದುಕೊಂಡೆ. ಕಾರ್ಡು ಎಳೆದೆ, ಬರಲಿಲ್ಲ. ಕೆಳಗೆ ತೂತಿನಲ್ಲಿ ಒಂದು ಕಬ್ಬಿಣದ ಸಲಾಕೆ ಪೋಣಿಸಿದ್ದು ನನಗೆ ಕಾಣಲಿಲ್ಲ. ಜೋರಾಗಿ ಎಳೆದೆ. ಹರಿದುಕೊಂಡು ಬಂತು. ಅದನ್ನು ಒಯ್ದು ಮೇಜಿನ ಮೇಲಿಟ್ಟೆ.

ಅಟೆಂಡರು ಕಾರ್ಡನ್ನೂ ನನ್ನನ್ನೂ ನೋಡಿ ಎದ್ದು ನಿಂತ. "ಏನ್ ಮಾಡಿದೋ ಮಾರಾಯಾ? ಇದು ಹರಿಯೋದಲ್ಲೋ, ನಂಬರ್ ಬರ್ಕೊಳ್ಳೋದು. ಗಿಡದಾಗಿನ ಮೆಣಸಿನಕಾಯಿ ಹರದಂಗ ಹರ್ಕೊಂಡ್ ಬಂದಿಯಲ್ಲ. ಯಾವ ಊರಾವ ನೀ?"

ಹುಡುಗಿಯರು ನಕ್ಕರು. ಓದುತ್ತಿದ್ದವರು ತಲೆ ಎತ್ತಿ ನಕ್ಕರು. ಒಬ್ಬ, "ಬಿಡ್ರಿ ಸರ್, ಬೀರೂನ ಹೊತ್ಕೊಂಡ್ ಬರಲಿಲ್ಲ, ಅಷ್ಟ ಪುಣ್ಯ" ಎಂದ. ಅಟೆಂಡರಿಗೂ ನಗು ಬಂದು, "ತಡಿ, ಯಾವ ಪುಸ್ತಕ ನೋಡೋಣು" ಎಂದು ಕಾರ್ಡನ್ನು ಕಣ್ಣ ಹತ್ತಿರ ಹಿಡಿದ. ಅಲ್ಲಿ ಇನ್ನೊಂದು ಗಳಿಗೆ ನಿಂತಿದ್ದರೆ ಪುಸ್ತಕ ಕೈಗೆ ಬರುತ್ತಿತ್ತು. ನಾನು ನನ್ನ ಕಾಲು ನೋಡಿಕೊಂಡೆ. ತೌಡಿನ ಧೂಳಿನ ಹೆಜ್ಜೆಗಳು ಬೀರುವಿನಿಂದ ಮೇಜಿನತನಕ ನೆಲದ ಮೇಲೆ ಮೂಡಿದ್ದವು. ತಿರುಗಿ ಹೊರಟೆ. ಗೇಟು ದಾಟಿದ ಮೇಲೂ ನಿಲ್ಲಲಿಲ್ಲ, ಗಿರಣಿಯತನಕ ದಡದಡ ನಡೆದೆ.

ಸಂಜೆ ಖಾಲಿ ಚೀಲದಲ್ಲಿ ಒಂದು ಸಾಲು ಬರೆದಿಟ್ಟು ಕಳಿಸಿದೆ: ಪುಸ್ತಕವನ್ನು ಪ್ರೊಫೆಸರು ಒಯ್ದಿದ್ದಾರಂತೆ.

ಮುಂದಿನ ಗುರುವಾರ ಮತ್ತೆ ಚೀಟಿ ಬಂತು. 'ಅಣ್ಣ, ಇನ್ನೊಮ್ಮೆ ಕೇಳಿ ನೋಡು.' ಕಾಲೇಜಿನ ಗೇಟಿನತನಕ ಹೋದೆ. ಅಲ್ಲಿಂದ ಬಸ್‌ಸ್ಟ್ಯಾಂಡು, ಬಸ್‌ಸ್ಟ್ಯಾಂಡಿನಿಂದ ಮತ್ತೆ ಗೇಟು. ಮೂರು ಸಲ ಅಡ್ಡಾಡಿ, ಇನ್ನೂ ಬಂದಿಲ್ಲವಂತೆ ಎಂದು ಬರೆದೆ. ಹೀಗೆ ಏಳು ಗುರುವಾರ. ಅಂಗಳದಲ್ಲಿ ಭತ್ತ ತಿರುವುತ್ತಿದ್ದಾಗಲೂ ಮುಂದಿನ ಸುಳ್ಳು ಯಾವುದು ಎಂಬುದೇ ತಲೆಯಲ್ಲಿ. ರವಿವಾರ ಊರಿಗೆ ಹೋದರೆ ಅಡಿಗೆಮನೆಗೆ ಹೋಗದೆ ಕಟ್ಟೆಯ ಮೇಲೆಯೇ ಊಟ ತರಿಸಿಕೊಳ್ಳುತ್ತಿದ್ದೆ.

"ಯಾಕೋ, ಒಳಗ ಏನ್ ಹುಲಿ ಕುಂತೈತೇನು?" ಎನ್ನುತ್ತಿದ್ದಳು ಅವ್ವ.

ಪರೀಕ್ಷೆಯ ದಿನ ತಂಗಿಯ ಜೊತೆ ಲಿಂಗಸುಗೂರಿಗೆ ನಾನೇ ಹೋದೆ. ಮೂರು ತಾಸು ಬೇವಿನ ಗಿಡದ ಸುತ್ತ ತಿರುಗಿದೆ. ಅವಳು ಹೊರಬಂದು ನೀರು ಕುಡಿದು, "ಎರಡು ದೊಡ್ಡ ಪ್ರಶ್ನಿ ಗೊತ್ತಾಗಲಿಲ್ಲಣ್ಣ. ಗೈಡಿನಾಗ ಇರಲಿಲ್ಲ, ಆ ಪುಸ್ತಕದಾಗ ಇದ್ದಿರಬೇಕು. ಪ್ರೊಫೆಸರ್ ಮನ್ಯಾಗ ಇಟ್ಕೊಂಡ್ ಕುಂತಾರ ನೋಡು, ಅವರು ಈಗ ಯಾವ ಪರೀಕ್ಷಿ ಬರೀಬೇಕಾಗಿತ್ತೋ" ಎಂದು ನಕ್ಕಳು. ನಾನೂ ನಕ್ಕೆ.

ನಾಲ್ಕು ಅಂಕದಲ್ಲಿ ಹೋಯಿತು. ಹುದ್ದೆಯ ಅರ್ಜಿ ಹಾಕುವ ದಿನ ಬಂತು, ಕಳೆಯಿತು.

ಮಳೆಗಾಲದಲ್ಲಿ ಅವಳು ಒಂದು ದಿನ ರಜೆ ಹಾಕಿ, ನನಗೆ ಹೇಳದೆ, ತಾನೇ ಸಿಂಧನೂರಿಗೆ ಬಂದಳು. ಗ್ರಂಥಾಲಯಕ್ಕೆ ಹೋಗಿ, ತನ್ನ ಹೆಸರು ಹೇಳಿ, ರಿಜಿಸ್ಟರಿನಲ್ಲಿ ಸಹಿ ಮಾಡಿ ಪುಸ್ತಕ ತೆಗೆದುಕೊಂಡು ಗಿರಣಿಯ ಬಾಗಿಲಿಗೆ ಬಂದು ನನ್ನನ್ನು ಕರೆಸಿದಳು. ಇಬ್ಬರೂ ಬಸ್‌ಸ್ಟ್ಯಾಂಡಿಗೆ ನಡೆದೆವು. ಅವಳು ಬೆಂಚಿನ ಮೇಲೆ ಕುಳಿತಳು, ನಾನು ನಿಂತೆ. ಪುಸ್ತಕದ ಬೆನ್ನಿಗೆ ಬಿಳಿ ಕಾಗದ ಅಂಟಿಸಿತ್ತು. ಅದರ ಮೇಲೆ ಮುನ್ನೂರ ಮೂವತ್ತು. ಕೊನೆಯ ಪುಟ ತೆರೆದು ನನ್ನತ್ತ ತಿರುಗಿಸಿದಳು. ಆ ದಿನದ ಸಿಕ್ಕಾ ಹಸಿಯಾಗಿತ್ತು. ಅದರ ಮೇಲಿನ ಸಿಕ್ಕಾ ಎರಡು ವರ್ಷ ಹಿಂದಿನದು. ನಡುವೆ ಏನೂ ಇರಲಿಲ್ಲ.

"ಇದರ ಕಾರ್ಡಿಗೆ ಗೋಂದು ಹಚ್ಚ್ಯಾರ. ಯಾವನೋ ಗಿರಣಿಯಾವ ಬಂದು ಹರ್ದಾನಂತ. ಅಟೆಂಡರ್ ಹೇಳಿದ" ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಾನು ಹೇಳಲಿ ಎಂದು ಜಾಗ ಬಿಟ್ಟು ಕಾಯುತ್ತಿದ್ದಾಳೆಂದು ನನಗೆ ಆಗಲೇ ಗೊತ್ತಾಗಿತ್ತು.

"ಯಾವನಂವ, ಬುದ್ಧಿ ಇಲ್ಲದಾವ" ಎಂದೆ.

ಅವಳು ಪುಸ್ತಕ ಮುಚ್ಚಿದಳು. "ಬುದ್ಧಿ ಇತ್ತು ಬಿಡಣ್ಣ. ಇಂಗ್ಲಿಷ್ ಬರಲಾರದಾವಂತ, ಆದ್ರ ಸರಿಯಾದ ಕಾರ್ಡ ಹರ್ದಿದ್ದ."

ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಹತ್ತಿರ ಕುಳಿತು, ಟಿಕೆಟ್ಟು ಕೊಡು ಎಂದು ಕೈ ಚಾಚಿದಳು. ನಾನು ಬಸ್ಸಿನ ಟಿಕೆಟ್ಟಿಗೆ ಚಿಲ್ಲರೆ ತೆಗೆಯಹೋದೆ. "ಅದಲ್ಲ, ಗ್ರಂಥಾಲಯದ್ದು" ಎಂದಳು. ಜೇಬಿನಿಂದ ತೆಗೆದುಕೊಟ್ಟೆ.

ಆಮೇಲೆ ಪ್ರತಿ ತಿಂಗಳೂ ಒಂದು ರಜೆ ಹಾಕಿ ತಾನೇ ಬಂದು ಹೋದಳು. ಅಕ್ಟೋಬರಿನಲ್ಲಿ ಮತ್ತೆ ಬರೆದು ಪಾಸಾದಳು. ಕದದ ಹಿಂದೆ ಬೊಟ್ಟು ಇಟ್ಟಳು. ಅವ್ವ ಸಜ್ಜಕ ಮಾಡಿದಳು. ಹುದ್ದೆಯ ವಯಸ್ಸು ಮಾತ್ರ ದಾಟಿಹೋಗಿತ್ತು. ತೊಂಬತ್ತರ ದಶಕವಿಡೀ ಅವಳು ಅದೇ ಅಂಗನವಾಡಿಯಲ್ಲಿ, ತನಗಿಂತ ಚಿಕ್ಕವರಾದ ಮೇಲ್ವಿಚಾರಕಿಯರ ಮುಂದೆ ಹಾಜರಿ ಪುಸ್ತಕ ಹಿಡಿದು ನಿಂತಳು. ಒಂದು ದಿನವೂ ನನ್ನನ್ನು ಅಂದು ಆಡಲಿಲ್ಲ.

ಬುತ್ತಿ ಎಂದಿನಂತೆ ಬರುತ್ತಿತ್ತು. ಪ್ರತಿ ಸಲವೂ ನಾನು ರೊಟ್ಟಿ ತೆಗೆಯುವ ಮೊದಲು ಚೀಲದ ತಳಕ್ಕೆ ಕೈ ಹಾಕಿ ನೋಡುತ್ತಿದ್ದೆ. ಚೀಟಿ ಮತ್ತೆ ಬರಲಿಲ್ಲ.

ಇಷ್ಟು ಬರೆಯುವುದರೊಳಗೆ ಹತ್ತು ಸಲ ಎದ್ದು ಅಡ್ಡಾಡಿದ್ದೇನೆ. ತಂಗಿ, ಆ ಗಿರಣಿಯವ ನಾನೇ. ನಿನಗೆ ಗೊತ್ತಿತ್ತು. ಆದರೂ ನನ್ನ ಬಾಯಿಂದ ಬರಬೇಕಾಗಿತ್ತು.