ತಿರುಗಿ ನಿಂತ ಬೋಟು

ದೆವ್ವ, ಗಾಳಿ, ಮಾಟ ಎಂಬ ಮಾತು ಶುರುವಾದರೆ ನಾನು ಎದ್ದು ಅಡುಗೆಮನೆಗೆ ಹೋಗುವವಳು. ಹೆದರಿಕೆಗೆ ಹೋಗುತ್ತಿದ್ದೆ ಅಂತಲ್ಲ, ಬೇಸರಕ್ಕೆ. ಇಟ್ಟ ವಸ್ತು ಇಟ್ಟಲ್ಲಿ ಇಲ್ಲ ಎಂದರೆ ಯಾರೋ ತೆಗೆದಿದ್ದಾರೆ, ಅಷ್ಟೇ. ಆ ಯಾರೋ ಯಾರು ಅಂತ ಹುಡುಕುವುದು ಬಿಟ್ಟು ನಿಂಬೆಹಣ್ಣು ಕಟ್ಟುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗಲೂ ನಾನು ನಿಂಬೆಹಣ್ಣು ಕಟ್ಟಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ನಮ್ಮ ಬೋಟಿನ ವಿಷಯದಲ್ಲಿ ಆದದ್ದಕ್ಕೆ ಆ ಯಾರೋ ಯಾರು ಎಂದು ಹೇಳಲು ನನಗೆ ಇವತ್ತಿಗೂ ಬಂದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾರಾಯಣಪೇಟೆಯಂಥ ಊರಲ್ಲಿ ಬೋಟು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಮ್ಮೂರಲ್ಲಿ ಹೊಳೆ ಇಲ್ಲ. ಕೃಷ್ಣೆಯನ್ನು ನೋಡಬೇಕೆಂದರೆ ಮಕ್ತಲ್ ದಾಟಿ ಹೋಗಬೇಕು. ನಾನು ಸೀರೆ ವ್ಯಾಪಾರದವಳು, ಅಪ್ಪ ನೇಯುತ್ತಿದ್ದರು. ನನ್ನ ಅಕ್ಕ ಪದ್ಮಾಳನ್ನು ಗದ್ವಾಲಿಗೆ ಕೊಟ್ಟಿದ್ದರು. ಅವಳದೂ ಅಲ್ಲಿ ಸೀರೆ ಅಂಗಡಿ. ಮದುವೆಗೆ ಮೊದಲು ಹುಡುಗ ಹುಡುಗಿಯನ್ನು ಕೆರೆ, ಕೋಟೆ ಅಂತ ಕರೆದುಕೊಂಡು ಹೋಗಿ ಫೋಟೋ, ವಿಡಿಯೋ ತೆಗೆಯುವುದು ನಮ್ಮ ಕಡೆಗೂ ಬಂದಾಗ, ಸೀರೆ ಬಾಡಿಗೆ ಕೇಳಿ ಬರುವವರು ಹೆಚ್ಚಾದರು. ಬಂದವರೆಲ್ಲ ದೋಣಿಯಲ್ಲಿ ಕೂತು ಫೋಟೋ ಬೇಕು ಅನ್ನುತ್ತಿದ್ದರು. ಒಂದು ಬೋಟೇ ತಗೊಂಡರೆ ಹೇಗೆ ಅಂದವಳು ಅಕ್ಕ. ಇಬ್ಬರೂ ಸೇರಿ ಬಿಳಿಯ ಫೈಬರ್ ಬೋಟೊಂದನ್ನು ಎಂಜಿನ್ ಸಮೇತ ಕೊಂಡೆವು. ಜೊತೆಗೆ ಎರಡು ಚಕ್ರದ ಟ್ರೇಲರ್ ಇತ್ತು. ಬೋಟನ್ನು ಅದರ ಮೇಲೆ ಕೂಡಿಸಿ, ಟ್ರೇಲರಿನ ಮೂತಿಯನ್ನು ಜೀಪಿನ ಹಿಂದೆ ಸಿಕ್ಕಿಸಿದರೆ ಯಾವ ಕೆರೆಗೆ ಬೇಕಾದರೂ ಎಳೆದುಕೊಂಡು ಹೋಗಬಹುದು. ಎಳೆಯುವುದು, ನಡೆಸುವುದು ಎರಡನ್ನೂ ನಮ್ಮೂರಿನ ಡ್ರೈವರ್ ಖಾಜಾ ನೋಡಿಕೊಳ್ಳುತ್ತಿದ್ದ. ಜೀಪು ಅವನದೇ.

ಬೋಟನ್ನು ನಿಲ್ಲಿಸಲು ನಮ್ಮ ಮನೆಗೆ ಅಂಟಿದ ಅಪ್ಪನ ಮಗ್ಗದ ಷೆಡ್ಡು ಇತ್ತು. ಮಗ್ಗಗಳು ಹೋಗಿ ಬಹಳ ದಿನವಾಗಿತ್ತು. ಉದ್ದಕ್ಕೆ ಓಣಿಯ ಹಾಗಿರುವ ಜಾಗ, ಮೂರು ಕಡೆ ಕಲ್ಲಿನ ಗೋಡೆ, ರಸ್ತೆಗೆ ಒಂದೇ ಷಟರ್. ಖಾಜಾ ಬೋಟನ್ನು ಹಿಂದಕ್ಕೆ ತಳ್ಳುತ್ತ ಒಳಗೆ ಬಿಡುತ್ತಿದ್ದ. ಹೀಗಾಗಿ ಎಂಜಿನ್ ಇರುವ ಹಿಂಭಾಗ ಒಳಗೋಡೆಯ ಕಡೆ, ಟ್ರೇಲರಿನ ಮೂತಿ ಷಟರ್ ಕಡೆ ಇರುತ್ತಿತ್ತು.

ಆ ವರ್ಷ ಕೃಷ್ಣೆಯ ದಂಡೆಯಲ್ಲಿ ಕಟ್ಟಿದ್ದ ಯಾರದೋ ಬೋಟಿನ ಎಂಜಿನ್ನನ್ನು ಕಳ್ಳರು ಬೋಲ್ಟು ಬಿಚ್ಚಿ ಒಯ್ದರು. ಅದೇ ಹೊತ್ತಿಗೆ ನಮ್ಮ ಅಂಗಡಿಗೆ ಇಬ್ಬರು ಗಂಡಸರು ಬಂದರು. ಫೋಟೋ ತೆಗೆಸಬೇಕು, ಬೋಟು ತೋರಿಸಿರಿ ಅಂದರು. ತೋರಿಸಿದೆ. ಅವರು ಬಾಡಿಗೆ ಎಷ್ಟು ಎಂದು ಕೇಳಲಿಲ್ಲ, ಹುಡುಗಿ ಯಾವೂರವಳು ಎಂದು ಹೇಳಲಿಲ್ಲ. ಒಬ್ಬ ಷಟರಿನ ಕೆಳಗಿನ ಪಟ್ಟಿಯನ್ನು ಕಾಲಿನಿಂದ ಒತ್ತಿ ನೋಡಿದ. ಇನ್ನೊಬ್ಬ, ಹಿಂದೆ ಬಾಗಿಲು ಐತೇನ್ರಿ ಅಂತ ಕೇಳಿದ. ಅವರು ಹೋದ ಮೇಲೆ ರಸ್ತೆಯಲ್ಲಿ ನಿಧಾನಕ್ಕೆ ಹೋಗುವ ಪ್ರತಿ ಗಾಡಿಯ ಮೇಲೂ ಅನುಮಾನ ಬರತೊಡಗಿತು.

ಅಕ್ಕ ವಿಮೆ ಮಾಡಿಸೋಣ ಅಂದಳು. ಬಂದ ಏಜೆಂಟರು ಒಳ್ಳೆಯವರೇ. ಕುರ್ಚಿಯಲ್ಲಿ ಕೂತು ಷರತ್ತುಗಳನ್ನು ಹೇಳಿದರು. ಬೋಟು ಗೋಡೆ ಇರುವ, ಬೀಗ ಬೀಳುವ ಜಾಗದಲ್ಲಿರಬೇಕು. ಚಕ್ರ ತಿರುಗದಂತೆ ಉಕ್ಕಿನ ಹಿಡಿ ಹಾಕಿ ಬೀಗ ಹಾಕಬೇಕು. ಟ್ರೇಲರನ್ನು ನೆಲಕ್ಕೆ ಸರಪಳಿಯಿಂದ ಬಿಗಿದು ಇನ್ನೊಂದು ಬೀಗ ಹಾಕಬೇಕು. ಬೋಟಿನ ನಂಬರು, ಎಂಜಿನ್ ನಂಬರು ಕಾಣುವಂತೆ ಫೋಟೋ ಕೊಡಬೇಕು. ಕೊನೆಗೆ ಬೀಗದ ಬಗ್ಗೆ ಒಂದು ಮಾತು ಹೇಳಿದರು.

“ಕೀಲಿ ಮುರಿದ ಗುರುತು ಇರಬೇಕ್ರಿ ಮೇಡಂ. ಗುರುತಿಲ್ಲದ ಕಳುವಾತು ಅಂದ್ರ ಕಂಪನಿ ರೊಕ್ಕ ಕೊಡಂಗಿಲ್ಲ. ಕೀಲಿ ಮುರಿದಿಲ್ಲ ಅಂದ್ರ ಕಳ್ಳ ಮನಿಯಾವನೇ ಅಂತ ಅವರ ಲೆಕ್ಕ.”

ಅಕ್ಕ ಈ ಮಾತನ್ನು ಬಹಳ ದಿನ ಮನಸ್ಸಿನಲ್ಲಿಟ್ಟುಕೊಂಡಿದ್ದಳೆಂದು ಕಾಣುತ್ತದೆ. ಗವಂಡಿಯನ್ನು ಕರೆಸಿ ಷಟರಿನ ಒಳಗೆ, ನೆಲದಲ್ಲಿ ಕಬ್ಬಿಣದ ಬಳೆಯೊಂದನ್ನು ಸಿಮೆಂಟು ಹಾಕಿ ಹೂಳಿಸಿದ ದಿನ ಅವಳು ಅಂದಳು: “ಚಕ್ರದ ಚಾವಿ ನಿನ್ನ ಹತ್ರ ಇರ್ಲಿ. ಸರಪಳಿ ಚಾವಿ ನಾ ಗದ್ವಾಲಿಗೆ ಒಯ್ತೀನಿ.”

“ಅಲ್ಲಕ್ಕ, ಪ್ರತಿ ಸಲ ಬೋಟು ತೆಗಿಯಾಕ ನೀ ಅಲ್ಲಿಂದ ಬರಬೇಕೇನು?”

“ಬರ್ತೀನಿ. ನಾಳೆ ಏನರ ಆತು ಅಂದ್ರ ಯಾರೂ ನಿನ್ನ ಮ್ಯಾಲೆ ಹಾಕಬಾರ್ದು ನೋಡು.”

ಮಾತು ಸರಿಯಾಗಿಯೇ ಇತ್ತು. ಆದರೂ ನನಗೆ ಚುಚ್ಚಿತು. ಮೊದಲೊಮ್ಮೆ ಅವಳು, ಬಾಡಿಗೆ ಎಲ್ಲ ಗದ್ವಾಲಿನ ಕಡೆಯೇ ಬರುತ್ತದೆ, ಬೋಟು ತನ್ನಲ್ಲೇ ಇದ್ದರೆ ಚೆನ್ನಾಗಿತ್ತು ಅಂದಿದ್ದಳು. ಅದು ನೆನಪಾಯಿತು. ನನ್ನ ಮೇಲೆ ನಂಬಿಕೆ ಇಲ್ಲವೇ ಅಂತ ಕೇಳಿಯೂಬಿಟ್ಟೆ. ಅವಳು ನಕ್ಕು, ಚಾವಿಯನ್ನು ಚೀಲಕ್ಕೆ ಹಾಕಿಕೊಂಡಳು.

ಕಂಪನಿಯವರು ನೋಡಲು ಬರುವ ಹಿಂದಿನ ದಿನ ಅಕ್ಕ ಬಂದಳು. ಖಾಜಾ ಎಂದಿನಂತೆ ಬೋಟನ್ನು ಹಿಂದಕ್ಕೆ ತಳ್ಳಿ ಒಳಗೆ ನಿಲ್ಲಿಸಿದ. ನಾನು ಚಕ್ರಕ್ಕೆ ಹಿಡಿ ಹಾಕಿ ಬೀಗ ಒತ್ತಿದೆ. ಅಕ್ಕ ಟ್ರೇಲರಿನ ಮೂತಿಗೆ ಸರಪಳಿ ಸುತ್ತಿ ನೆಲದ ಬಳೆಗೆ ಬಿಗಿದು ಬೀಗ ಹಾಕಿ, ಎರಡು ಸಲ ಎಳೆದು ನೋಡಿದಳು. ಏಜೆಂಟರಿಗೆ ಕಳಿಸಲು ನಾನು ಮೊಬೈಲಿನಲ್ಲಿ ಫೋಟೋ ತೆಗೆದೆ. ಮುಂದೆ ಟ್ರೇಲರಿನ ಮೂತಿ, ಸರಪಳಿ, ಪಕ್ಕದಲ್ಲಿ ಅಕ್ಕನ ಸೆರಗು. ಎಲ್ಲ ಚೊಕ್ಕ ಬಂದಿತ್ತು. ಅಕ್ಕ ನಮ್ಮಲ್ಲಿ ಚಹಾ ಕುಡಿದು ಸಂಜೆಯ ಬಸ್ಸಿಗೆ ಹೋದಳು. ನಾನು ಷಟರ್ ಎಳೆದು, ಅದರ ಬೀಗ ಹಾಕಿ, ಕೀಲಿಕೈಗಳ ಗೊಂಚಲನ್ನು ಅಡುಗೆಮನೆಯ ಮೊಳೆಗೆ ಹಾಕಿದೆ. ರಾತ್ರಿ ಒಂದು ಸಪ್ಪಳವೂ ಕೇಳಲಿಲ್ಲ. ಷೆಡ್ಡಿಗೂ ನಾವು ಮಲಗುವ ಕೋಣೆಗೂ ಒಂದೇ ಗೋಡೆ ಎಂಬುದನ್ನು ಇಲ್ಲಿ ಹೇಳಬೇಕು.

ಬೆಳಿಗ್ಗೆ ಏಜೆಂಟರು ಕಂಪನಿಯ ಸರ್ವೇಯರರನ್ನು ಕರೆತಂದರು. ತೆಲುಗಿನವರು, ಮಾತು ಕಡಿಮೆ. ನಾನು ಬೀಗ ತೆಗೆದು ಷಟರ್ ಮೇಲೆತ್ತಿದೆ. ಎತ್ತಿದವಳು ಹಾಗೆಯೇ ನಿಂತೆ.

ನನ್ನ ಮುಂದೆ ಎಂಜಿನ್ ಇತ್ತು. ಟ್ರೇಲರಿನ ಮೂತಿ ದೂರದ ಕತ್ತಲಲ್ಲಿ, ಒಳಗೋಡೆಯ ಹತ್ತಿರ. ಬೋಟು ಇಡಿಯಾಗಿ ತಿರುಗಿ ನಿಂತಿತ್ತು.

ಚಕ್ರದ ಹಿಡಿ ಹಾಕಿದ ಹಾಗೇ ಇತ್ತು, ಬೀಗವೂ ಇತ್ತು. ಸರಪಳಿ ಅದೇ ಬಳೆಯಲ್ಲಿತ್ತು. ಆದರೆ ಈಗ ಅದು ಟ್ರೇಲರಿನ ಹಿಂಬದಿಯ ಅಡ್ಡಪಟ್ಟಿಯನ್ನು ಸುತ್ತಿತ್ತು. ಅದರ ಬೀಗವೂ ಸರಿಯಾಗಿ ಬಿದ್ದಿತ್ತು. ಒಂದು ಗೀರು ಸಹ ಇರಲಿಲ್ಲ.

ಸರ್ವೇಯರರು ಮೊಬೈಲಿನಲ್ಲಿದ್ದ ಫೋಟೋ ನೋಡಿದರು, ಬೋಟು ನೋಡಿದರು, ನನ್ನ ಮುಖ ನೋಡಿದರು. “ರೆಂಡು ಬೋಟ್ಲು ಉನ್ನಾಯಾ ಮೀಕು?” ಅಂದರು. ಎರಡು ಬೋಟು ಇವೆಯೇ ಎಂಬ ಅನುಮಾನ ಅವರಿಗೆ. ಬಾಗಿ, ಟಾರ್ಚು ಹಾಕಿ ಎರಡೂ ನಂಬರನ್ನು ಹೋಲಿಸಿದರು. ಅದೇ ಬೋಟು. ಆಮೇಲೆ ಅವರಿಗೆ ಇದರಲ್ಲಿ ಆಸಕ್ತಿ ಉಳಿಯಲಿಲ್ಲ. ಎರಡು ಬೀಗ ಇವೆ, ಗೋಡೆ ಇದೆ, ಷಟರ್ ಇದೆ, ಷರತ್ತುಗಳೆಲ್ಲ ಸರಿ ಇವೆ ಅಂದರು. ಬೋಟು ಯಾವ ಕಡೆಗೆ ಮುಖ ಮಾಡಿರಬೇಕೆಂದು ಷರತ್ತಿನಲ್ಲಿ ಇರಲಿಲ್ಲವಲ್ಲ.

ನಾನು ಅಕ್ಕನಿಗೆ ಫೋನು ಮಾಡಿ, “ಅಕ್ಕ, ನಿನ್ನೆ ಹೋದಾಕಿ ತಿರುಗಿ ಏನರ ಬಂದಿದ್ದೇನು?” ಅಂದೆ.

“ಯಾಕ ಬರ್ಲಿ? ಏನಾತು?”

ಹೇಳಿದೆ. “ನನ್ನ ಚಾವಿ ನನ್ನ ಚೀಲದಾಗ ಐತಿ. ನೀ ಏನ್ ಮಾಡ್ದಿ, ನಿಜ ಹೇಳು” ಅಂದಳು. ಅಕ್ಕ ನನ್ನೊಂದಿಗೆ ಆ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು.

ಮಧ್ಯಾಹ್ನದ ಹೊತ್ತಿಗೆ ಬಂದಳು. ಬಸ್ಸಿನಿಂದಿಳಿದವಳು ಮನೆಯೊಳಗೆ ಬರದೆ ನೇರ ಷೆಡ್ಡಿಗೆ ಹೋದಳು. ತನ್ನ ಕೀಲಿಕೈ ತೆಗೆದು ಸರಪಳಿಯ ಬೀಗಕ್ಕೆ ಹಾಕಿದಳು. ತೆರೆಯಿತು. ಬೀಗ ಬದಲಾಗಿರಲಿಲ್ಲ. ನಾನು ಚಕ್ರದ ಬೀಗಕ್ಕೆ ನನ್ನದನ್ನು ಹಾಕಿದೆ. ಅದೂ ತೆರೆಯಿತು. ನಾನು ಕರೆಸಿದ್ದ ಖಾಜಾ ಒಂದು ಹಗ್ಗವನ್ನು ಟ್ರೇಲರಿನ ಉದ್ದಕ್ಕೆ ಹಿಡಿದು, ಅದನ್ನೇ ಷೆಡ್ಡಿಗೆ ಅಡ್ಡ ಹಿಡಿದ. ಮಾರುದ್ದ ಹಗ್ಗ ಕೈಯಲ್ಲೇ ಉಳಿಯಿತು.

“ಒಳಗ ತಿರುಗಾಕ ಸಾಧ್ಯನೇ ಇಲ್ರಿ ಅಕ್ಕಾರೇ. ರೋಡಿಗೆ ತೆಗೀಬೇಕು, ಅಲ್ಲಿ ತಿರುಗಿಸಬೇಕು, ಮತ್ತ ಒಳಗ ತಳ್ಳಬೇಕು. ನಾಕೈದು ಮಂದಿ ಬೇಕಾಗ್ತಾರ. ಖುದಾ ಕಸಮ್, ನಾ ಮನಿ ಬಿಟ್ಟು ಬಂದಿಲ್ಲ” ಅಂದ. ನಾವು ಅವನನ್ನು ಕೇಳಿಯೇ ಇರಲಿಲ್ಲ. ಅವನ ಬಳಿ ಯಾವ ಕೀಲಿಕೈಯೂ ಇರಲಿಲ್ಲ.

ಎದುರಿಗಿದ್ದ ಗೊಬ್ಬರದಂಗಡಿಯ ಸಿಸಿ ಕ್ಯಾಮೆರಾ ನಮ್ಮ ಷಟರನ್ನೂ ಹಿಡಿಯುತ್ತಿತ್ತು. ಅಂಗಡಿಯವರನ್ನು ಕೇಳಿಕೊಂಡು ಮೂವರೂ ಕೂತು ನೋಡಿದೆವು. ನಾನು ಷಟರ್ ಎಳೆದು ಬೀಗ ಹಾಕುವುದು ಕಂಡಿತು. ಬೀದಿದೀಪ ಹತ್ತಿತು. ಒಂದು ನಾಯಿ ಬಂದು ಷಟರಿನ ಮುಂದೆ ಮಲಗಿತು, ಎದ್ದು ಹೋಯಿತು. ಹಾಲಿನವನ ಗಾಡಿ ಹೋಯಿತು. ಬೆಳಕಾಯಿತು. ಮತ್ತೆ ನಾನೇ ಬಂದು ಷಟರ್ ಎತ್ತಿದೆ. ನಡುವೆ ಅದು ಒಂದು ಸಲವೂ ಏಳಲಿಲ್ಲ. ಅಕ್ಕ ಇನ್ನೊಮ್ಮೆ, ನಿಧಾನಕ್ಕೆ ಹಾಕಿಸಿ ನೋಡಿದಳು. ವಿಡಿಯೋ ಎಲ್ಲಿಯೂ ಕಡಿದದ್ದಾಗಲಿ ನಿಂತದ್ದಾಗಲಿ ಕಾಣಲಿಲ್ಲ.

ಇಷ್ಟೇ ಆಗಿದ್ದರೆ ಬಹುಶಃ ಮರೆತುಬಿಡುತ್ತಿದ್ದೆವು. ಬೋಟು ಹೋಗಿರಲಿಲ್ಲ, ಒಂದು ಬೋಲ್ಟೂ ಸಡಿಲಾಗಿರಲಿಲ್ಲ, ವಿಮೆಯೂ ಆಯಿತು. ಆದರೆ ಏಜೆಂಟರು ಹೇಳಿದ ಆ ಮಾತು ನಮ್ಮಿಬ್ಬರ ತಲೆಯಿಂದಲೂ ಹೋಗಲಿಲ್ಲ. ಬೀಗ ಮುರಿದಿಲ್ಲ ಎಂದರೆ ಮನೆಯವರೇ. ಕೀಲಿಕೈ ಇದ್ದ ಮನೆಯವರು ಎಂದರೆ ನಾವಿಬ್ಬರೇ. ನನ್ನೊಬ್ಬಳಿಂದ ಆಗುವ ಕೆಲಸ ಅಲ್ಲ ಅದು, ಸರಪಳಿಯ ಕೀಲಿಕೈ ಗದ್ವಾಲಿನಲ್ಲಿತ್ತು. ಅಕ್ಕನೊಬ್ಬಳಿಂದಲೂ ಆಗುವುದಿಲ್ಲ, ಚಕ್ರದ್ದು ನನ್ನ ಮೊಳೆಯಲ್ಲಿತ್ತು. ಹಾಗಿದ್ದರೆ ಒಬ್ಬಳು ಇನ್ನೊಬ್ಬಳ ಕೀಲಿಕೈಗೆ ನಕಲು ಮಾಡಿಸಿರಬೇಕು. ನಾನಂತೂ ಮಾಡಿಸಿರಲಿಲ್ಲ. ನೆಲದಲ್ಲಿ ಬಳೆ ಹೂಳಿಸಿದ ದಿನ ಅಕ್ಕ ನಮ್ಮಲ್ಲಿದ್ದಾಗ ನಾನು ಹಾಲು ತರಲು ಹೊರಗೆ ಹೋಗಿದ್ದೆ, ಗೊಂಚಲು ಮೊಳೆಯಲ್ಲಿತ್ತು. ಇದನ್ನು ಯೋಚಿಸಿದ ದಿನ ನನಗೆ ನನ್ನ ಮೇಲೇ ಅಸಹ್ಯವಾಯಿತು. ಆದರೆ ಮಾರನೆಯ ದಿನ ಮತ್ತೆ ಅದನ್ನೇ ಯೋಚಿಸಿದೆ. ಷಟರ್ ಏಳದೆ ಅವಳು ಒಳಗೆ ಹೋದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಉತ್ತರವಿಲ್ಲದಿದ್ದರೂ ಅನುಮಾನ ಮಾತ್ರ ತನ್ನ ಪಾಡಿಗೆ ಬೆಳೆಯಿತು.

ಅಕ್ಕನ ತಲೆಯಲ್ಲಿ ನನ್ನ ಬಗ್ಗೆ ಇಂಥದ್ದೇ ಓಡುತ್ತಿದೆ ಎಂದು ಬೇಗ ತಿಳಿಯಿತು. ಮುಂದಿನ ಸಲ ಬಂದಾಗ ಅವಳು ಹೊಸ ಬೀಗ ತಂದಿದ್ದಳು. ಅದನ್ನು ಹಾಕುವಾಗ ನನಗೆ ಬೆನ್ನು ಮಾಡಿ ಕೂತಳು. ಚಹಾ ಬೇಡ, ಬಸ್ಸಿಗೆ ಹೊತ್ತಾಯಿತು ಅಂದಳು. ಅವಳು ಹೋದ ಮೇಲೆ ನಾನೂ ಬಜಾರಿಗೆ ಹೋಗಿ ಚಕ್ರಕ್ಕೆ ಹೊಸ ಬೀಗ ತಂದೆ. ನಮ್ಮ ಯಜಮಾನರ ಮುಂದೆ ಹೇಳಿಕೊಂಡರೆ, “ಅಕ್ಕ ತಂಗಿ ನಡುವೆ ನನ್ನ ತರಬ್ಯಾಡ” ಅಂದು ಪೇಪರು ಓದತೊಡಗಿದರು. ಖಾಜಾ, ಬೆನ್ನುನೋವು ಅಂತ ಹೇಳಿ ಬರುವುದು ಬಿಟ್ಟ. ಬೋಟು ಮತ್ತೆಂದೂ ತಿರುಗಲಿಲ್ಲ. ನಾನು ಪ್ರತಿ ಬೆಳಿಗ್ಗೆ ಷಟರ್ ಎತ್ತಿ ನೋಡುತ್ತಿದ್ದೆ. ತಿರುಗಿದ್ದರೆ ಒಳ್ಳೆಯದಿತ್ತು ಎಂದು ಕೂಡ ಅನಿಸಿತ್ತು. ಅಕ್ಕ ಎಲ್ಲೋ ದೂರದ ಊರಿಗೆ ಹೋದ ಒಂದು ದಿನ ತಿರುಗಿದ್ದರೆ ಅವಳಲ್ಲ ಅಂತಾದರೂ ಗೊತ್ತಾಗುತ್ತಿತ್ತು.

ಮಳೆಗಾಲಕ್ಕೆ ಮೊದಲು ಬೋಟನ್ನು ರಾಯಚೂರು ಕಡೆಯವರೊಬ್ಬರಿಗೆ ಮಾರಿದೆವು. ಯಾಕೆ ಮಾರುತ್ತೀರಿ ಅಂತ ಅವರು ಕೇಳಿದರು. ನೋಡಿಕೊಳ್ಳಲು ಆಗುತ್ತಿಲ್ಲ ಅಂದೆವು. ಅವರ ನಂಬರು ನನ್ನ ಮೊಬೈಲಿನಲ್ಲಿ ಇನ್ನೂ ಇದೆ. ಬೋಟು ನಿಲ್ಲಿಸಿದ ಹಾಗೆಯೇ ಇರುತ್ತದೆಯೇ ಅಂತ ಕೇಳಬೇಕೆಂದು ಎಷ್ಟೋ ಸಲ ಅನಿಸಿದೆ. ಕೇಳಿಲ್ಲ.

ಅಕ್ಕನಿಗೂ ನನಗೂ ಜಗಳವಾಗಲಿಲ್ಲ. ಹಬ್ಬಕ್ಕೆ ಹೋಗುತ್ತೇವೆ, ಬರುತ್ತೇವೆ. ಕಳೆದ ಬೇಸಿಗೆಯಲ್ಲಿ ಗದ್ವಾಲಿನ ಆಚೆ ಶಾಂತಿನಗರದಲ್ಲಿ ನಂಟರ ಮದುವೆ ಇತ್ತು. ಊಟ ಮುಗಿಸಿ ಇಬ್ಬರೂ ಛತ್ರದ ಹಿಂದೆ, ನೆರಳಿನಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದೆವು. ಹತ್ತಿರ ಯಾರೂ ಇರಲಿಲ್ಲ. ಇಷ್ಟು ವರ್ಷವಾಯಿತು, ಇವತ್ತು ಕೇಳಿಬಿಡಬೇಕು ಅಂತ ನಾನು ಮನಸ್ಸು ಗಟ್ಟಿ ಮಾಡಿಕೊಂಡೆ. ಅಷ್ಟರಲ್ಲಿ ಅವಳು ನನ್ನ ಕೈ ಹಿಡಿದಳು.

“ಈಗರ ಹೇಳವಾ. ನಾ ಸಿಟ್ಟಾಗಂಗಿಲ್ಲ. ಆವತ್ತು ಬೋಟು ಹೆಂಗ ತಿರುಗಿಸ್ದಿ?”

ನಾನು ತಿರುಗಿಸಿಲ್ಲ ಅಂದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಕೈ ಬಿಟ್ಟು, “ಆತು ಬಿಡು” ಅಂದು, ಅಡಕೊತ್ತಿನಿಂದ ಇನ್ನೊಂದು ಅಡಿಕೆ ಕತ್ತರಿಸಿದಳು. ಅವಳು ನನ್ನನ್ನು ನಂಬಲಿಲ್ಲ. ಹಾಗೆ ಕೇಳಿದ್ದಕ್ಕೆ ಅವಳಲ್ಲ ಎಂದು ನಾನಾದರೂ ನಂಬಬಹುದಿತ್ತು. ಬಸ್ಸಿನಲ್ಲಿ ಮಕ್ತಲ್ ದಾಟುವವರೆಗೆ ನಂಬಿಯೇ ಇದ್ದೆ. ಆಮೇಲೆ, ನನಗಿಂತ ಮೊದಲು ಅವಳೇ ಯಾಕೆ ಕೇಳಿದಳು ಎಂಬ ಯೋಚನೆ ಬಂತು.