ಪುಟ್ಟಬಸವಯ್ಯ ಬೇಡಿಕೊಂಡ ಬ್ರೇಕು

ಟಿ. ನರಸೀಪುರದ ನಂಜುಂಡಸ್ವಾಮಿಯವರ ಬಿಳಿ ಅಂಬಾಸಿಡರನ್ನು ಪುಟ್ಟಬಸವಯ್ಯ ಮೀಸೆ ಮೂಡಿದಾಗಿನಿಂದ ಓಡಿಸಿದವನು. ಆ ಮನೆಯ ಜಗಲಿಯ ಮೇಲೆ ಮಾತ್ರ ಒಂದು ದಿನವೂ ಕೂತವನಲ್ಲ. ಕೂರು ಎಂದು ಅವರು ಹೇಳಲಿಲ್ಲ, ಇವನು ಕೇಳಲಿಲ್ಲ. ಕಾಫಿ ಬಂದರೂ ಹಿತ್ತಲ ಬಾಗಿಲಿಗೆ, ಬೇರೆ ಲೋಟದಲ್ಲಿ. ಆದರೆ ಕಾರಿನೊಳಗೆ ಯಜಮಾನರು ಹಿಂದೆ, ಇವನು ಮುಂದೆ. ಬನ್ನೂರು ರಸ್ತೆಯಲ್ಲಿ ಜನ ಕಾರಿಗೆ ಕೈ ಮುಗಿದರೆ ಅದರಲ್ಲಿ ಅರ್ಧ ತನ್ನದೆಂದು ಹಿಗ್ಗುತ್ತಿದ್ದ. ಆ ಸೀಟೊಂದೇ ಅವನ ಮರ್ಯಾದೆ.

ಕಾರಿನ ಡ್ರಮ್ ಬ್ರೇಕು ಅವನೊಬ್ಬನಿಗೇ ಬಗ್ಗುತ್ತಿತ್ತು. ನೀರು ಹೊಕ್ಕರೆ ಹಿಡಿಯುತ್ತಿರಲಿಲ್ಲ, ಹಿಡಿದರೆ ಗಾಡಿಯನ್ನು ಎಡಕ್ಕೆ ಎಳೆಯುತ್ತಿತ್ತು. ಇವನು ಪೆಡಲನ್ನು ಮೆಲ್ಲಗೆ ಒತ್ತಿಕೊಂಡೇ ಸ್ವಲ್ಪ ದೂರ ಓಡಿಸಿ, ಡ್ರಮ್ಮು ಬಿಸಿಯಾಗಿ ಒಣಗಿದ ಮೇಲೆ ನಿಲ್ಲಿಸುತ್ತಿದ್ದ. ಯಜಮಾನರ ಮಗಳು ಪವಿತ್ರಾ ಒಮ್ಮೆ ಓಡಿಸಲು ಹೋಗಿ ಕಬ್ಬಿನ ಗದ್ದೆಗೆ ನುಗ್ಗಿಸಿದ್ದಳು. ಅಂದಿನಿಂದ ಕೀಲಿ ಇವನ ಜೇಬಿನಲ್ಲೇ ಉಳಿಯಿತು.

ಒತ್ತಿ ಒತ್ತಿ ಬಲ ಮಂಡಿ ಸವೆದುಹೋಯಿತು. ಹೋದ ವರ್ಷ ಬಾಯಿ ಬಿಟ್ಟ.

“ಸಾ, ಮುಂದಿನ್ ಚಕ್ರಕ್ಕೆ ಡಿಸ್ಕ್ ಬ್ರೇಕ್ ಆಕ್ಸಿ ಸಾ. ನಂಜನಗೂಡಲ್ಲಿ ದೀಪಕ್ ಅಂತ ಮೆಕ್ಯಾನಿಕ್ಕು ಆಕ್ಕೊಡ್ತಾನೆ. ನನ್ ಮಂಡಿ ತಡೆಯಾಕಿಲ್ಲ.”

ತಿಂಗಳುಗಟ್ಟಲೆ ಗೋಗರೆದ ಮೇಲೆ ಯಜಮಾನರು ಹೂಂ ಅಂದರು.

ದೀಪಕ್ ಡ್ರಮ್ಮು ಬಿಚ್ಚಿ ಡಿಸ್ಕು ಕೂರಿಸಿದ, ಪೆಡಲ್ ಹಗುರಾಗಲೆಂದು ಬೂಸ್ಟರನ್ನೂ ಹಾಕಿದ. ಬ್ರೇಕ್ ಎಣ್ಣೆಯ ಪೈಪಿನೊಳಗೆ ಸೇರಿದ ಗಾಳಿ ತೆಗೆಯಲು ಅವನು ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು, “ಒತ್ತಣ್ಣ... ಇಡ್ಕೊ... ಬುಡು” ಎನ್ನುತ್ತಿದ್ದ. ಇವನು ಸೀಟಿನಲ್ಲಿ ಕೂತು ಒತ್ತುತ್ತಿದ್ದ. ಗಾಳಿಯೆಲ್ಲ ಹೋಗಿ ಪೆಡಲ್ ಕಾಲಿಗೆ ಸರಿಯಾಗಿ ಸಿಕ್ಕಾಗ ಪುಟ್ಟಬಸವಯ್ಯ ನಕ್ಕುಬಿಟ್ಟ.

“ಇನ್ನು ಸಾಯೋಗಂಟ ಓಡಿಸ್ತೀನಿ ಕಣ್ಲಾ!”

ಊರಿಗೆ ಬಂದವನೇ, ಹೆಮ್ಮೆ ತಡೆಯಲಾರದೆ, ತಾನೇ ಪವಿತ್ರಾ ಕೈಗೆ ಕೀಲಿ ಕೊಟ್ಟ. “ಓಡ್ಸಿ ನೋಡವ್ವಾ, ಎಂಗೈತೆ.” ಅವಳು ಒಂದು ಸುತ್ತು ಹೋಗಿ ಬಂದಳು.

ಮರುದಿನ ಕಾರಿಗೆ ಪೂಜೆ. ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟವನು ಪುಟ್ಟಬಸವಯ್ಯ. ಅವುಗಳ ಮೇಲೆ ಗಾಡಿ ಹತ್ತಿಸುವವನೂ ಯಾವಾಗಲೂ ಅವನೇ. ಕೈ ಒರೆಸಿಕೊಂಡು ಬಾಗಿಲು ತೆಗೆದ.

“ತಡಿ ಪುಟ್ಟಬಸವ,” ಎಂದರು ಯಜಮಾನರು. “ಕೀ ಪವಿತ್ರಂಗೆ ಕೊಡು. ಬ್ರೇಕು ಬೆಣ್ಣೆ ಥರ ಐತಂತೆ. ಇನ್ಮೇಲೆ ಅವಳೇ ಓಡಿಸ್ತಾಳೆ. ನಿಂಗೂ ಮಂಡಿ ನೋವು, ಪಾಪ. ರೆಸ್ಟ್ ತಗೊ.”

ಇಷ್ಟು ವರ್ಷ ಕಾಣದ ಮಂಡಿ ಅವರಿಗೆ ಅಂದು ಕಂಡಿತು! ನೆನೆದರೆ, ಪೂಜೆಗೆಂದು ಅಲ್ಲೇ ನಿಂತಿದ್ದ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನಿಂಬೆಹಣ್ಣು ಒಡೆದವು. ಕಾರು ಬೀದಿ ತುದಿಗೆ ಹೋಗಿ ಮೆತ್ತಗೆ ನಿಂತಿತು, ಎಡಕ್ಕೆ ಎಳೆಯಲೂ ಇಲ್ಲ. ಪುಟ್ಟಬಸವಯ್ಯ ಕೂರಲು ಅತ್ತಿತ್ತ ನೋಡಿದ. ಜಗಲಿ ಪಕ್ಕದಲ್ಲೇ ಇತ್ತು. ಕುಂಟುತ್ತಾ ಬೀದಿ ದಾಟಿ ಹೋಗಿ ಮೋರಿಯ ಕಟ್ಟೆಯ ಮೇಲೆ ಕೂತ.