ಓದಿ ಹೇಳದ ಒಂದು ಕಾಗದ

ತಮಿಳುನಾಡಿಗೆ ಸೇರಿದ ಡೆಂಕಣಿಕೋಟೆಯ ತಾಲ್ಲೂಕು ಕಚೇರಿಯ ಎದುರಿಗಿದ್ದ ಹುಣಸೆಮರದ ಕೆಳಗೆ ತಿಮ್ಮರಾಯಪ್ಪ ಇಪ್ಪತ್ತೆರಡು ವರ್ಷ ಅರ್ಜಿ ಬರೆದ. ಜನ ಕನ್ನಡದಲ್ಲೋ ತೆಲುಗಿನಲ್ಲೋ ಹೇಳಿಕೊಂಡು ಅತ್ತದ್ದನ್ನು ಅವನು ತಮಿಳಿನಲ್ಲಿ, ಅಳು ತೆಗೆದು, ಅಧಿಕಾರಿಗಳು ಬೇಡ ಅನ್ನಲಾಗದ ಹಾಗೆ ಕಾಗದಕ್ಕಿಳಿಸುತ್ತಿದ್ದ. ಅರ್ಜಿಗೆ ತಮಿಳಿನಲ್ಲಿ ಮನು ಅನ್ನುತ್ತಾರೆ. ಹಾಗಾಗಿ ಸುತ್ತಲ ಹಳ್ಳಿಗಳಿಗೆಲ್ಲ ಅವನು ಮನು ತಿಮ್ಮರಾಯಪ್ಪ.

ಯೌವನದಲ್ಲಿ ಕಲ್ಲು ಕ್ವಾರಿಯಲ್ಲಿ ದುಡಿದು, ಎಡಗೈಯ ಎರಡು ಬೆರಳು ಅಲ್ಲೇ ಬಿಟ್ಟುಬಂದವನು. ಆಸ್ಪತ್ರೆಯಲ್ಲಿ ಅರೆಪ್ರಜ್ಞೆಯಲ್ಲಿ ಮಲಗಿದ್ದಾಗ ಕ್ವಾರಿಯವರು ಒಂದು ಕಾಗದಕ್ಕೆ ಅವನ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಕುಡಿದು ಕೆಲಸಕ್ಕೆ ಬಂದದ್ದರಿಂದ ಬೆರಳು ಹೋಯಿತು ಅಂತ ಅದರಲ್ಲಿ ಬರೆದಿತ್ತಂತೆ. ಹೆಂಡ ಮುಟ್ಟದ ಮನುಷ್ಯ ಆರು ತಿಂಗಳಾದ ಮೇಲೆ ಈ ಸಂಗತಿ ಕೇಳಿ ತಿಳಿದ. ಆಮೇಲೆ ಕೆಂಪು ಬಾವುಟದ ಸಂಘ ಸೇರಿ, ಅವರ ಸಂಜೆ ಶಾಲೆಯಲ್ಲಿ ಅಕ್ಷರ ಕಲಿತು, ಮರದ ಕೆಳಗೆ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಕೂತ.

ಅವನದೊಂದು ವ್ರತವಿತ್ತು. ಬರೆದು ಮುಗಿಸಿದ ಅರ್ಜಿಯನ್ನು ಹೇಳಿದವರ ಭಾಷೆಗೇ ತಿರುಗಿಸಿ ಓದಿ ಹೇಳುತ್ತಿದ್ದ. "ಸರಿ ಐತಾ? ನೀನು ಹೇಳಿದ್ದೇ ಐತಾ?" ಅಂತ ಕೇಳಿ, ಅವರು ತಲೆಯಾಡಿಸಿದ ಮೇಲೇ ಶಾಯಿಯ ಡಬ್ಬಿ ತೆಗೆಯುತ್ತಿದ್ದ.

"ಯೋವ್ ಮನು, ನಿನ್ನ ಪಾರಾಯಣ ಮುಗಿಯೋದ್ರೊಳಗೆ ಸಾಹೇಬ್ರು ಊಟಕ್ಕೆ ಹೋಗ್ಬುಡ್ತಾರೆ" ಅಂತ ಕಚೇರಿಯ ಜವಾನ ಛೇಡಿಸುತ್ತಿದ್ದ.

"ಹೋಗ್ಲಿ ಬುಡು. ಊಟ ಮಾಡ್ಕೊಂಡು ವಾಪಸ್ ಬತ್ತಾರೆ. ಒತ್ತಿದ ಹೆಬ್ಬೆಟ್ಟು ವಾಪಸ್ ಬರಾಕಿಲ್ಲ."

ಇಂಥ ಮನುಷ್ಯ ಒಂದೇ ಒಂದು ಸಲ ಓದಿ ಹೇಳಲಿಲ್ಲ. ಅದು ಸೊಣ್ಣಪ್ಪನ ಹೆಬ್ಬೆಟ್ಟು.

ಸೊಣ್ಣಪ್ಪ ಕ್ವಾರಿಯಲ್ಲಿ ಡ್ರಿಲ್ಲು ಹಿಡಿದವನು. ತಿಮ್ಮರಾಯಪ್ಪನಿಗೆ ತಮ್ಮನ ಹಾಗೆ. ನಲವತ್ತೆರಡಕ್ಕೇ ಶ್ವಾಸಕೋಶದ ತುಂಬ ಕಲ್ಲಿನ ಧೂಳು. ಅವನಂಥವರು ಆ ಸೀಮೆಯಲ್ಲಿ ಹತ್ತಾರು ಜನ ಇದ್ದರು. ಆಸ್ಪತ್ರೆಯಲ್ಲಿ ಕ್ಷಯ ಅಂತ ಚೀಟಿ ಬರೆಸಿಕೊಂಡು ಸಾಯುತ್ತಿದ್ದರು. ತಿಮ್ಮರಾಯಪ್ಪ ಅವರಿಗಾಗಿ ಬರೆದ ಅರ್ಜಿಗಳು ಒಂದು ಮೂಟೆಯಾಗುವಷ್ಟಿದ್ದವು. ಒಂದಕ್ಕೂ ಉತ್ತರ ಬಂದಿರಲಿಲ್ಲ.

ಎರಡು ಸಾವಿರದ ಐದರಲ್ಲಿ ಬೆಂಗಳೂರಿನಿಂದ ರವಿಕುಮಾರ್ ಅನ್ನುವವನು ಕ್ಯಾಮೆರಾ ಹೊತ್ತು ಬಂದ. ಕ್ವಾರಿ ಮಾಲೀಕರ ಬಣ್ಣ ಬಯಲು ಮಾಡುವ ಸಾಕ್ಷ್ಯಚಿತ್ರ ತೆಗೆಯುತ್ತೇನೆ ಅಂದ. ಮಾತಾಡಿ ನೋಡಿದರೆ ಇಬ್ಬರ ದಾರಿಯೂ ಒಂದೇ, ಸಿಟ್ಟೂ ಒಂದೇ. ತಿಮ್ಮರಾಯಪ್ಪನಿಗೆ ಹಸಿದವನಿಗೆ ಅನ್ನ ಸಿಕ್ಕಷ್ಟು ಸಂತೋಷವಾಯಿತು. ರೋಗಿಗಳ ಮನೆಮನೆಗೂ ತಾನೇ ಕರೆದುಕೊಂಡು ಹೋದ.

ಆದರೆ ಆ ಹುಡುಗನ ವರಸೆಯೇ ಬೇರೆ. ತಲೆಗೆ ಕೆಂಪು ಟೋಪಿ ಹಾಕಿಕೊಂಡು ಎಲ್ಲ ಚಿತ್ರದಲ್ಲೂ ತಾನೇ ಮುಂದೆ ನಿಲ್ಲುತ್ತಿದ್ದ. ಸ್ವೀಟು ಡಬ್ಬಿಯಲ್ಲಿ ಕಲ್ಲಿನ ಧೂಳು ತುಂಬಿಸಿಕೊಂಡು ಹೋಗಿ ಮಾಲೀಕನ ಬಂಗಲೆಯ ವಾಚ್‌ಮನ್ ಕೈಗೆ ಕೊಟ್ಟು, "ಯಜಮಾನರಿಗೆ ದೀಪಾವಳಿ ಉಡುಗೊರೆ" ಅಂದ. ಆ ಬಡಪಾಯಿ ಕೈಮುಗಿದು ಇಸಕೊಂಡ. ಬೈಸಿಕೊಂಡವನೂ ಅವನೇ. ಅರ್ಜಿ ಬರೆದವನ ಹೆಸರು ಕಾಗದದ ಕೊನೆಗೆ ಇರುವೆಯಷ್ಟು ಚಿಕ್ಕದಾಗಿ ಇರಬೇಕು, ಇವನದೇನು ಪುಟಪುಟಕ್ಕೂ ಇವನದೇ ಮೋರೆ ಅಂತ ತಿಮ್ಮರಾಯಪ್ಪನಿಗೆ ಅನ್ನಿಸಿತು. ಅನ್ನಿಸಿದ್ದನ್ನು ನುಂಗಿಕೊಂಡ. ನಮ್ಮವನಲ್ಲವೇ.

ಒಂದು ಬೆಳಿಗ್ಗೆ ರವಿಕುಮಾರ್ ಇಂಗ್ಲಿಷಿನ ಒಪ್ಪಿಗೆ ಕಾಗದಗಳನ್ನು ತಂದ. ಸೊಣ್ಣಪ್ಪ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡು ಕೈ ಎತ್ತಿಹಿಡಿದೇ ಕೇಳಿದ: "ಇದ್ರಾಗೇನೈತಣ್ಣ?"

ತಿಮ್ಮರಾಯಪ್ಪನಿಗೆ ಇಂಗ್ಲಿಷ್ ಬಾರದು. ಓದಿ ಹೇಳಪ್ಪ ಅಂತ ರವಿಕುಮಾರನನ್ನು ಕೇಳಬಹುದಿತ್ತು. ಆದರೆ ಆವತ್ತು ಕ್ಯಾಮೆರಾ ಮುಂದೆ ತಿಮ್ಮರಾಯಪ್ಪನದೇ ಸಂದರ್ಶನವೂ ಇತ್ತು. ಒಗೆದ ಅಂಗಿ ತೊಟ್ಟು, ಏನೇನು ಹೇಳಬೇಕು ಅಂತ ಮನಸ್ಸಿನಲ್ಲೇ ಸಾಲು ಜೋಡಿಸುತ್ತಿದ್ದ.

"ನಮ್ಮೋರೇ ಕಣ್ಲಾ ಸೊಣ್ಣ, ಒತ್ತು" ಅಂದ. ಸೊಣ್ಣಪ್ಪ ಒತ್ತಿದ.

ಅದೇ ದಿನ ಕ್ವಾರಿಯ ಬೋರ್ಡಿನ ಮುಂದೆ ನಾಲ್ಕು ಜನ ರೋಗಿಗಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕೈಗೂ ಒಂದೊಂದು ಬಣ್ಣದ ಬಲೂನು ಕೊಟ್ಟ ರವಿಕುಮಾರ್. "ಮಾಲೀಕರ ಹುಟ್ಟುಹಬ್ಬ! ಯಾರು ಮೊದಲು ಊದುತ್ತಾರೋ ನೋಡೋಣ" ಅಂತ ಕ್ಯಾಮೆರಾಕ್ಕೆ ಹೇಳಿ ಸೀಟಿ ಹೊಡೆದ. ನೋಡುತ್ತ ನಿಂತವರಿಗೆ ತಮಾಷೆ. ಸೊಣ್ಣಪ್ಪನ ಕೆನ್ನೆ ಉಬ್ಬಿತು, ಕಣ್ಣು ಮೇಲಕ್ಕೆ ಬಂತು, ಬಲೂನು ನಿಂಬೆಹಣ್ಣಿನಷ್ಟಾಗಿ ನಿಂತುಹೋಯಿತು. ತುಟಿ ಸಡಿಲವಾಗಿ ಗಾಳಿ ಹಿಂದಕ್ಕೆ ಬರುವಾಗ ಹೂಸು ಬಿಟ್ಟಂಥ ಸದ್ದಾಯಿತು. ತಿಮ್ಮರಾಯಪ್ಪ ಕಿಸಕ್ಕನೆ ನಕ್ಕುಬಿಟ್ಟ. ಸೊಣ್ಣಪ್ಪ ಒಂದು ಸಲ ಅವನ ಕಡೆ ತಿರುಗಿ ನೋಡಿ, ತಾನೂ ನಗಲು ಹೋಗಿ, ಕೆಮ್ಮುತ್ತ ನೆಲಕ್ಕೆ ಕೂತ.

ಮರುವರ್ಷ ಹೊಸೂರಿನ ಒಂದು ಕಲ್ಯಾಣ ಮಂಟಪದಲ್ಲಿ ಚಿತ್ರ ತೋರಿಸಿದರು. ಸೊಣ್ಣಪ್ಪ ಬಿಳಿ ಅಂಗಿ ತೊಟ್ಟು, ಹೆಂಡತಿ ರಾಮಲಕ್ಷ್ಮಮ್ಮನನ್ನೂ ಹತ್ತನೇ ಕ್ಲಾಸಿನ ಮಗಳು ಸುಧಾಳನ್ನೂ ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ಬಲೂನಿನ ಚಿತ್ರಕ್ಕೆ ಮದುವೆಮನೆಯ ಬ್ಯಾಂಡು ಸೆಟ್ಟಿನ ಸಂಗೀತ ಹಾಕಿದ್ದರು. ಸೊಣ್ಣಪ್ಪನ ಕೆನ್ನೆ ಗೋಡೆಯಗಲ ಉಬ್ಬಿತು. ಸದ್ದು ಬಂತು. ಅದರ ಬೆನ್ನಿಗೇ ಪರದೆಯ ಒಳಗಿನಿಂದ ಒಂದು ನಗು ಕೇಳಿಸಿತು. ಮಂಟಪವೆಲ್ಲ ಅದರ ಜೊತೆ ಸೇರಿ ನಕ್ಕಿತು. ಆ ಮೊದಲ ನಗು ತನ್ನದು ಅಂತ ತಿಮ್ಮರಾಯಪ್ಪನಿಗೆ ತಕ್ಷಣ ತಿಳಿಯಿತು.

ಸೊಣ್ಣಪ್ಪ ಎದ್ದು ಹೊರಟ. ಬೇಗ ನಡೆಯುವುದು ಅವನಿಂದ ಆಗುತ್ತಿರಲಿಲ್ಲ. ಅವನ ನೆರಳು ಪರದೆಯ ಮೇಲೆ ಮೆಲ್ಲಗೆ ಸರಿದು ಹೋಗುವಷ್ಟು ಹೊತ್ತೂ ಜನ ನಗುತ್ತಲೇ ಇದ್ದರು.

ಮುಗಿದ ಮೇಲೆ ತಿಮ್ಮರಾಯಪ್ಪ ರವಿಕುಮಾರನ ಕೈ ಹಿಡಿದುಕೊಂಡ. "ಸಾಮಿ, ಆ ಬಲೂನಿಂದೊಂದು ತೆಗೆದುಬುಡಿ."

"ಅದನ್ನ ತೆಗೆದ್ರೆ ಚಿತ್ರದಲ್ಲಿ ಏನೂ ಉಳಿಯಲ್ಲ ತಿಮ್ಮರಾಯಪ್ಪನವರೇ. ಬರೀ ಅಳು ತೋರಿಸಿದ್ರೆ ಯಾರು ನೋಡ್ತಾರೆ? ನಿಮ್ಮ ಮೂಟೆ ಅರ್ಜಿ ಯಾರು ಓದಿದ್ರು? ಜನ ಮೊದಲು ನಗಬೇಕು, ಆಮೇಲೆ ನಕ್ಕಿದ್ದಕ್ಕೆ ನಾಚಿಕೋಬೇಕು. ಅಲ್ಲದೆ ಅವರೇ ಒಪ್ಪಿ ಹೆಬ್ಬೆಟ್ಟು ಕೊಟ್ಟಿದಾರಲ್ಲ."

ತಿಮ್ಮರಾಯಪ್ಪ ಹಿಡಿದ ಕೈ ಬಿಟ್ಟ. ಹುಡುಗ ಹೇಳಿದ್ದು ಸುಳ್ಳೂ ಆಗಲಿಲ್ಲ. ನಾಲ್ಕು ತಿಂಗಳಲ್ಲಿ ಅಧಿಕಾರಿಗಳು ಜೀಪಿನಲ್ಲಿ ಬಂದರು, ಕ್ವಾರಿಯಲ್ಲಿ ಡ್ರಿಲ್ಲಿನ ಬಾಯಿಗೆ ನೀರು ಬಿಡುವ ಪೈಪು ಹಾಕಿಸಿದರು, ಧೂಳು ಏಳುವುದು ಕಡಿಮೆಯಾಯಿತು. ಇಪ್ಪತ್ತು ವರ್ಷದ ಅರ್ಜಿ ಮಾಡದ್ದನ್ನು ಒಂದು ಬಲೂನು ಮಾಡಿತ್ತು. ಬೈಯಲು ಬಾಯಿ ಬರಲಿಲ್ಲ, ಮೆಚ್ಚಲು ಮನಸ್ಸು ಬರಲಿಲ್ಲ. ಅವನ ಹೆಂಡತಿ ಆದಿಲಕ್ಷ್ಮಮ್ಮ, "ಒಳ್ಳೇದೇ ಆಯ್ತಲ್ಲ, ಯಾಕಿಂಗೆ ಮಂಕಾಗಿ ಕುಂತೀಯಾ?" ಅಂದರೆ ಎದ್ದು ಹೋಗುತ್ತಿದ್ದ.

ಸೊಣ್ಣಪ್ಪ ಮತ್ತೆ ಹುಣಸೆಮರದ ಕಡೆ ಬರಲಿಲ್ಲ. ತಿಮ್ಮರಾಯಪ್ಪ ಮೂರು ಸಲ ಅವನ ಮನೆಗೆ ಹೋದ. ಮೂರು ಸಲವೂ ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ. ರಾಮಲಕ್ಷ್ಮಮ್ಮ ಮಜ್ಜಿಗೆ ಕೊಟ್ಟು ಕಳಿಸಿದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಯುಗಾದಿ ಕಳೆದ ಹನ್ನೊಂದನೇ ದಿನ ಸೊಣ್ಣಪ್ಪ ತೀರಿಕೊಂಡ. ಹೆಣಕ್ಕೆ ಹೆಗಲು ಕೊಟ್ಟ ತಿಮ್ಮರಾಯಪ್ಪ, ಇದರಲ್ಲಿ ಭಾರವೇ ಇಲ್ಲವಲ್ಲಪ್ಪ ಅಂತ ದಾರಿಯುದ್ದಕ್ಕೂ ಅತ್ತ.

ತಿಂಗಳಾದ ಮೇಲೆ ರಾಮಲಕ್ಷ್ಮಮ್ಮ ಮಗಳ ಜೊತೆ ಮರದ ಕೆಳಗೆ ಬಂದು ಕೂತಳು. ಪರಿಹಾರ ಕೇಳಲು ಹೋದರೆ, ಅಂಥ ಹೆಸರಿನವನು ನಮ್ಮಲ್ಲಿ ಕೆಲಸ ಮಾಡಿಯೇ ಇಲ್ಲ ಅಂತ ಕ್ವಾರಿಯವರು ಹೇಳಿದ್ದರು. ಹಾಜರಿ ಪುಸ್ತಕದಲ್ಲಿ ಸೊಣ್ಣಪ್ಪನ ಹೆಸರೇ ಇಲ್ಲವಂತೆ. ಹದಿನೆಂಟು ವರ್ಷ ಧೂಳು ಕುಡಿದವನು ಇರಲೇ ಇಲ್ಲವಂತೆ.

ತಿಮ್ಮರಾಯಪ್ಪ ಅರ್ಜಿ ಬರೆದು, ಕನ್ನಡಕ್ಕೆ ತಿರುಗಿಸಿ ಓದಿ ಹೇಳಿದ.

"ಇನ್ನೊಂದ್ಸಲ ಓದಣ್ಣ" ಅಂದಳು ರಾಮಲಕ್ಷ್ಮಮ್ಮ. ಓದಿದ. ಅವಳು ಕಾಗದ ಇಸಕೊಂಡು ಮಗಳ ಕೈಗೆ ಕೊಟ್ಟಳು. "ನೀನೂ ಓದವ್ವ. ಅಣ್ಣ ಹೇಳಿದ್ದೇ ಐತಾ ನೋಡು."

ಇಪ್ಪತ್ತೆರಡು ವರ್ಷದಲ್ಲಿ ಅವನ ಬರಹವನ್ನು ಯಾರೂ ಹೀಗೆ ಪರೀಕ್ಷೆ ಮಾಡಿರಲಿಲ್ಲ. ಸುಧಾ ಬೆರಳಿಟ್ಟು ಸಾಲುಸಾಲಾಗಿ ಓದುವಾಗ ಅವನು ತಲೆ ತಗ್ಗಿಸಿ ಶಾಯಿಯ ಡಬ್ಬಿಯನ್ನು ಒರೆಸುತ್ತ ಕೂತ. ಕೊನೆಯ ಸಾಲಿಗೆ ಬಂದು ಹುಡುಗಿ ನಿಂತಳು.

"ಸಾಕ್ಷಿಗೆ ಒಂದು ಸೀಡಿ ಅಂತ ಬರೆದೈತಮ್ಮ. ಆ ಪಿಚ್ಚರಿಂದು."

"ಬ್ಯಾರೆ ಸಾಕ್ಷಿ ಇಲ್ವಾ ಅಣ್ಣ?"

"ಇಲ್ಲ ತಾಯಿ. ಅವ್ನು ಕ್ವಾರಿ ಬೋರ್ಡಿನ ಮುಂದೆ ನಿಂತಿರೋದು ಆ ಬಲೂನಿಂದ್ರಾಗೆ ಮಾತ್ರ."

ರಾಮಲಕ್ಷ್ಮಮ್ಮ ಮಗಳ ಕೈಯಿಂದ ಕಾಗದ ಇಸಕೊಂಡಳು. "ತೋರ್ಸು ಹಂಗಾದ್ರೆ" ಅಂದು ಹೆಬ್ಬೆಟ್ಟು ಚಾಚಿದಳು. "ನೀನೂ ಒಳಗೆ ಇರ್ಬೇಕು. ಯಾರಾದ್ರೂ ನಕ್ರೆ ನಂಗೆ ಬಂದು ಹೇಳ್ಬೇಕು."

ಸೋಮವಾರ ಮೂವರೂ ಬಸ್ಸಿನಲ್ಲಿ ಕೃಷ್ಣಗಿರಿಯ ಜಿಲ್ಲಾ ಕಚೇರಿಗೆ ಹೋದರು. ತಾಯಿ ಮಗಳು ಕಿಟಕಿಯ ಹೊರಗಿನ ಬೆಂಚಿನಲ್ಲಿ ಕೂತರು. ಒಳಗೆ ಅಧಿಕಾರಿ ಕಂಪ್ಯೂಟರಿಗೆ ಸೀಡಿ ಹಾಕಿಸಿದರು. ಹಿಂದೆ ಇಬ್ಬರು ಗುಮಾಸ್ತರು, ಟೀ ತಂದವನೊಬ್ಬ. ಬ್ಯಾಂಡು ಬಾರಿಸಿತು, ಸೊಣ್ಣಪ್ಪ ಊದಿದ, ಸದ್ದು ಬಂತು. ಸತ್ತವನ ಮುಖ ನೋಡುತ್ತ ಯಾರೂ ತುಟಿ ಅಲುಗಿಸಲಿಲ್ಲ. ಟೀಯವನು ತಟ್ಟೆ ಹಿಡಿದು ಹಾಗೇ ನಿಂತಿದ್ದ. ಆ ನಿಶ್ಶಬ್ದದಲ್ಲಿ ಕಂಪ್ಯೂಟರಿನೊಳಗಿಂದ ಒಂದೇ ಒಂದು ನಗು ದೊಡ್ಡದಾಗಿ ಕೇಳಿಸಿತು. ಅಧಿಕಾರಿ ಕನ್ನಡಕ ತೆಗೆದು, ಅರ್ಜಿಯ ಮೇಲೆ ಏನೋ ಬರೆದು, ವಿಚಾರಣೆಗೆ ತೆಗೆದುಕೊಳ್ಳುತ್ತೇನೆ ಅಂದರು.

ತಿಮ್ಮರಾಯಪ್ಪ ಹೊರಗೆ ಬಂದ. ರಾಮಲಕ್ಷ್ಮಮ್ಮ ಎದ್ದು ನಿಂತಿದ್ದಳು.

"ಯಾರೋ ನಕ್ಕಂಗಾಯ್ತಲ್ಲಣ್ಣ."

"ಒಳಗಿದ್ದೋರು ಯಾರೂ ನಗ್ಲಿಲ್ಲ ತಾಯಿ" ಅಂದ. ಅಲ್ಲಿಗೇ ನಿಲ್ಲಿಸದೆ ಪೂರ್ತಿ ಹೇಳಿದ. "ಆ ನಗು ಸೀಡಿ ಒಳಗಿಂದು. ಅದು ನಂದು. ಆವತ್ತು ಮೊದ್ಲು ನಕ್ಕೋನು ನಾನೇ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಗೊತ್ತು ಕಣಣ್ಣ. ಅವತ್ತು ಮನೇಗೆ ಬಂದು ಅವ್ರು ಅದೊಂದೇ ಹೇಳಿದ್ದು. ಊರೋರೆಲ್ಲ ನಗ್ಲಿ, ನಮ್ಮಣ್ಣನೂ ನಕ್ಬುಟ್ಟ ಅಂತ."

ಸುಧಾ ಚೀಲ ಎತ್ತಿಕೊಂಡಳು. ಡೆಂಕಣಿಕೋಟೆಯ ಬಸ್ಸಿಗೆ ಹೊತ್ತಾಗಿತ್ತು. ಮೂವರೂ ಗೇಟಿನ ಕಡೆ ನಡೆದರು.